ಹನ್ನೆರಡನೆಯ ಜೋಡಿ ಪಾದ

ಫೆಬ್ರವರಿ 3, ಸೋಮವಾರ

ಅಪ್ಪನ ಪಾದ ನೋಡಿದ್ದಾಯಿತು. ಎಡಗಾಲಿನ ಹಿಮ್ಮಡಿಯಲ್ಲಿ ಸಣ್ಣ ಬಿರುಕು. ಮುಲಾಮು ಹಚ್ಚಿದೆ. ಬೆರಳ ಸಂದಿ ಸ್ವಚ್ಛ. ಬಲಗಾಲಿಗೆ ಏನೂ ಆಗಿಲ್ಲ.

ಸಕ್ಕರೆ ಕಾಯಿಲೆ ಅಪ್ಪನ ಕಾಲಿನ ಸ್ಪರ್ಶವನ್ನೆಲ್ಲ ತಿಂದುಹಾಕಿದೆ. ಒಮ್ಮೆ ಶೂ ಒಳಗೆ ಬಾಟಲಿ ಮುಚ್ಚಳ ಬಿದ್ದಿದ್ದು ಗೊತ್ತಾಗದೆ ಇಡೀ ದಿನ ಚರ್ಚ್ ಗುಡಿಸಿದ್ದ. ಸಂಜೆ ನೋಡಿದರೆ ಸಾಕ್ಸ್ ತುಂಬಾ ರಕ್ತ. ಅಂದಿನಿಂದ ದಿನಾ ಟಾರ್ಚ್ ಹಿಡಿದು ನೋಡುವ ಕೆಲಸ ನನ್ನದು.

"ಏನಾದ್ರೂ ಚಿನ್ನ ಸಿಕ್ತಾ ಪುಟ್ಟಿ?"

"ಬರೀ ಮಣ್ಣು."

ಡ್ರೈಕ್ಲೀನಿಂಗ್ ಅಂಗಡಿಯ ಕೆಲಸ ಹೋಯಿತು. ಗಿರಾಕಿಯ ಕೋಟು ಸುಟ್ಟಿತ್ತು. ಮೊದಲೇ ಹೀಗಿತ್ತು ಅನ್ನು ಅಂದ ಮಾಲೀಕ. ಇಲ್ಲ, ನಮ್ಮ ಇಸ್ತ್ರಿಪೆಟ್ಟಿಗೆಯಿಂದ ಸುಟ್ಟಿದ್ದು ಅಂದೆ. ಶಾಲೆ ಬಿಟ್ಟದ್ದೂ ಇಂಥದ್ದಕ್ಕೇ. ಅಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

"ಸುಳ್ಳು ಹೇಳು ಅಂತ ಯಾರೇ ಅಂದ್ರು ನಿಂಗೆ? ಬಾಯಿ ಮುಚ್ಕೊಂಡಿರೋಕೂ ಬರಲ್ವಾ?"

ಭಾನುವಾರದಿಂದ ಯುವಜನ ಸಂಘಕ್ಕೆ ಹೋಗಬೇಕಂತೆ. ಪಾಸ್ಟರ್ ಮಗಳೇ ಮನೆ ಬಾಗಿಲಿಗೆ ಬಂದು ಕರೆದಿದ್ದಾಳೆ. ಮನೆ ಬಾಗಿಲು ಅಂದರೆ ಚರ್ಚ್ ಹಿಂದಿನ ಎರಡು ಕೋಣೆ. ಗಂಟೆ ಬಾರಿಸುವವನಿಗೆ ಕೊಡುವ ಕೋಣೆ.

ಫೆಬ್ರವರಿ 9, ಭಾನುವಾರ

ಹೋಗಿದ್ದೆ. ಎಲ್ಲರೂ ಕಾಲೇಜಿನವರು. ಮುಖಂಡನಿಗೆ ನಾನು ಇಟ್ಟ ಹೆಸರು ಸರ್ಕಲ್ ಅಣ್ಣ. ಏನು ಮಾಡಿದರೂ ಕೊನೆಗೆ "ಬನ್ನಿ, ಸರ್ಕಲ್ ಮಾಡೋಣ" ಅನ್ನುತ್ತಾನೆ. ವೃತ್ತದಲ್ಲಿ ಕೂತು ಒಬ್ಬೊಬ್ಬರೂ ಹೇಳಬೇಕು — ಏನು ನೋಡಿದೆ, ಏನು ಕಲಿತೆ, ಮುಂದೇನು ಮಾಡುವೆ. ಸೇವೆ ಮಾಡಿ ಕಲಿಯುವುದಂತೆ. ಕಲಿತರೆ ಸರ್ಟಿಫಿಕೇಟ್. ಅದನ್ನು ಕಾಲೇಜು ಅರ್ಜಿಗೆ ಲಗತ್ತಿಸುತ್ತಾರೆ.

ಗೋಡೆಗೆ ಚಾರ್ಟ್: "ದಾನವಲ್ಲ, ನ್ಯಾಯ."

ಕೈ ಎತ್ತಿ ಕೇಳಿದೆ. "ನಮ್ಮಪ್ಪನಿಗೆ ವಾರದಲ್ಲಿ ಒಂದು ದಿನಾನೂ ರಜೆ ಇಲ್ಲ. ಇದು ಯಾವುದ್ರಲ್ಲಿ ಬರುತ್ತೆ ಅಣ್ಣಾ?"

"ಒಳ್ಳೇ ಪ್ರಶ್ನೆ," ಅಂದ. ಚಾರ್ಟಿನ ಮೂಲೆಯಲ್ಲಿ "ರಜೆ" ಅಂತ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ. ಆಮೇಲೆ ಬಿಸ್ಕತ್ತು ಕೊಟ್ಟರು.

ಪಾಸ್ಟರ್ ಮಗಳು ಪಕ್ಕದಲ್ಲೇ ಕೂತಿದ್ದಳು. ಗಿಟಾರ್ ಬಾರಿಸುತ್ತಾಳೆ, ಎಲ್ಲರೂ ಅವಳನ್ನು ಗಿಟಾರ್ ಅಂತಲೇ ಕರೆಯುವುದು. ನಕ್ಕಳು. "ನೀನು ಬರ್ತಾ ಇರು ಕಣೆ. ಇಲ್ಲಿ ಯಾರೂ ಹಂಗೆ ಕೇಳಲ್ಲ." ನಿಜಕ್ಕೂ ಇಷ್ಟಪಟ್ಟು ಹೇಳಿದಳು. ಅವಳನ್ನು ಕೆಟ್ಟವಳು ಅಂತ ಬರೆದರೆ ಸುಳ್ಳಾಗುತ್ತದೆ.

ಫೆಬ್ರವರಿ 16

ಸರ್ಕಲ್ ಅಣ್ಣ ಯಾವುದೋ ಶಿಬಿರದಿಂದ ಹೊಸ ಯೋಚನೆ ತಂದಿದ್ದಾನೆ. ಊರಿನ ಕಸ ಎತ್ತುವವರು, ಮೋರಿ ತೆಗೆಯುವವರು, ಮೂಟೆ ಹೊರುವವರು — ಅವರನ್ನು ಚರ್ಚಿಗೆ ಕರೆಸಿ ಪಾದ ತೊಳೆಯುವುದು. ಯೇಸು ಶಿಷ್ಯರ ಪಾದ ತೊಳೆದಂತೆ. ಅದಕ್ಕೇ ಹನ್ನೆರಡು ಜನ ಬೇಕು. ಹದಿಮೂರಾದರೂ ಆಗದು, ಹನ್ನೊಂದಾದರೂ ಆಗದು.

"ಅವರು ಒಪ್ತಾರಾ?" ಅಂದೆ.

"ಯಾಕೆ ಒಪ್ಪಲ್ಲ? ಊಟ ಇದೆ. ಹೊಸ ಬಿಳಿ ಸಾಕ್ಸೂ ಕೊಡ್ತೀವಿ."

ನೀರು ಕಾಯಿಸುವ ಕೆಲಸ ನನಗೆ.

ಫೆಬ್ರವರಿ 23, ಭಾನುವಾರ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ನೀರು ಹದವಾಗಿ ಕಾಯಿಸಿದ್ದೆ. ಮೊಣಕೈ ಅದ್ದಿ ನೋಡಿದ್ದೆ. ಬೇಸಿನ್‌ಗಳಿಗೆ ಹಾಕಿ ಸಾಲಾಗಿ ಇಟ್ಟಿದ್ದೆ. ಹನ್ನೊಂದು ಜನ ಬಂದರು. ಮೋರಿಯವನೊಬ್ಬ ಬರಲಿಲ್ಲ. ಗೇಟ್ ಹತ್ತಿರ ನಿಂತು ಅವನನ್ನು ಕರೆದುಕೊಂಡು ಬಾ ಅಂತ ಸರ್ಕಲ್ ಅಣ್ಣ ನನ್ನನ್ನು ಕಳಿಸಿದ. ಕಾದೆ. ಬರಲೇ ಇಲ್ಲ.

ವಾಪಸ್ ಬಂದಾಗ ಹನ್ನೆರಡನೆಯ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಪೊರಕೆ ಇನ್ನೂ ಕಂಬಕ್ಕೆ ಒರಗಿತ್ತು. ಗುಡಿಸುತ್ತಿದ್ದವನನ್ನು ಎಳೆದು ಕೂರಿಸಿದ್ದಾರೆ. ಗಿಟಾರ್ ಅವನ ಮುಂದೆ ಮಂಡಿಯೂರಿ ಕೂತಿದ್ದಳು. ಬಲಗಾಲು ಬೇಸಿನ್‌ನಲ್ಲಿ. ಫೋಟೋ ತೆಗೆಯುವ ಹುಡುಗ ನೆಲಕ್ಕೆ ಮಲಗಿ ತೆಗೆಯುತ್ತಿದ್ದ.

ಅಪ್ಪ ಅಳುತ್ತಿದ್ದ.

ಅಪ್ಪ ಅತ್ತದ್ದು ನಾನು ಕಂಡಿಲ್ಲ. ಅಜ್ಜಿ ಸತ್ತಾಗಲೂ ಗಂಟೆ ಬಾರಿಸಿ ಬಂದು ಊಟಕ್ಕೆ ಕೂತವನು. ಕಂಬದ ಹಿಂದೆಯೇ ನಿಂತೆ. ಹತ್ತಿರ ಹೋಗಲಿಲ್ಲ.

ಸಂಜೆ ಟಾರ್ಚ್ ತಂದೆ. ಅಪ್ಪ ಹೊಸ ಸಾಕ್ಸ್ ಹಾಕಿಕೊಂಡೇ ಮಂಚದ ಮೇಲೆ ಕಾಲು ಚಾಚಿದ್ದ.

"ಇವತ್ತು ಬೇಡ ಪುಟ್ಟಿ. ಇವತ್ತು ಅವ್ರು ತೊಳ್ದಿದ್ದಾರೆ."

"ನೋಡೋದಷ್ಟೇ ಅಪ್ಪಾ."

"ಬೇಡ ಅಂದ್ನಲ್ಲ. ಪಾಸ್ಟರ್ ಮಗಳು ತನ್ನ ಕೈಯಾರೆ ಹಾಕಿದ ಸಾಕ್ಸು. ಒಂದಿನ ಇರ್ಲಿ ಬಿಡು."

ಬಿಟ್ಟೆ.

ಫೆಬ್ರವರಿ 25

ಇವತ್ತೂ ಬೇಡವಂತೆ. ಸ್ನಾನಕ್ಕೂ ಸಾಕ್ಸ್ ಬಿಚ್ಚುತ್ತಿಲ್ಲ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೈ ಮಾತ್ರ ತೊಳೆದುಕೊಳ್ಳುತ್ತಾನೆ. ಜಗಳವಾಡಿದೆ.

"ನಿಂಗೆ ಇದೆಲ್ಲ ಅರ್ಥ ಆಗಲ್ಲ," ಅಂದ. "ಇಷ್ಟು ವರ್ಷ ಅವ್ರ ಕಾಲಿನ ಧೂಳು ಗುಡಿಸಿದೀನಿ. ಒಬ್ರೂ ಬಗ್ಗಿ ನೋಡ್ದೋರಿಲ್ಲ."

ಅಮ್ಮ ಒಳಗಿನಿಂದ, "ಬಿಡೇ, ಅವ್ರ ಪಾಡಿಗೆ ಇರ್ಲಿ."

ಚರ್ಚ್ ಬೋರ್ಡಿನಲ್ಲಿ ಫೋಟೋ ಬಂದಿದೆ. ದೊಡ್ಡದು. ಅಪ್ಪನ ಒದ್ದೆ ಕಣ್ಣು, ಗಿಟಾರ್ ಬಗ್ಗಿದ ತಲೆ, ಇಬ್ಬರ ನಡುವೆ ಹಬೆ. ತುಂಬ ಚೆನ್ನಾಗಿದೆ. ಅಪ್ಪ ಗುಡಿಸುವ ನೆಪದಲ್ಲಿ ಅಲ್ಲಿಗೇ ಹೋಗಿ ಹೋಗಿ ನಿಲ್ಲುತ್ತಾನೆ.

ಫೆಬ್ರವರಿ 28

ವಾಸನೆ.

ಅಪ್ಪನಿಗೆ ಜ್ವರ, ಮಂಪರು. ಕೇಳದೆ ಸಾಕ್ಸ್ ಎಳೆದೆ. ಎಡಗಾಲಿನದು ಸಲೀಸಾಗಿ ಬಂತು. ಬಲಗಾಲಿನದು ಬರಲಿಲ್ಲ. ಜೋರಾಗಿ ಎಳೆದೆ. ಸಾಕ್ಸ್ ಜೊತೆ ಚರ್ಮ ಬಂತು.

ಅಪ್ಪ ಕಣ್ಣು ಬಿಟ್ಟು, "ಏನಾದ್ರೂ ಸಿಕ್ತಾ?" ಅಂದ.

ಮಾರ್ಚ್ 11

ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮೊದಲು ಬೆರಳು ಮಾತ್ರ ಅಂದಿದ್ದರು, ಆಮೇಲೆ ಪಾದ ಅಂದರು. ಸಹಿ ಅಮ್ಮ ಹಾಕಿದಳು.

ಡಾಕ್ಟರ್ ಕೇಳಿದ್ದು ನೆನಪಿದೆ. "ಇದು ಸುಟ್ಟಿದ್ದು. ಕಣಕಾಲಲ್ಲಿ ಗೆರೆ ಎಳೆದ ಹಾಗೆ ನಿಂತಿದೆ ನೋಡಿ. ಕುದಿಯೋ ನೀರಲ್ಲಿ ಕಾಲಿಟ್ಟಿದ್ರಾ?"

ಅಮ್ಮ ಹೇಳಿದಳು, "ಸ್ನಾನದ ಮನೇಲಿ ಬಕೆಟ್ಟು ಮಗುಚಿಕೊಂಡ್ರು ಸಾರ್."

ಅವಳ ಮುಖ ನೋಡಿದೆ. ಸ್ನಾನದ ಮನೆಯಲ್ಲಿ ಯಾವ ಬಕೆಟ್ಟೂ ಮಗುಚಿಲ್ಲ. ಅವಳು ನನ್ನ ಕೈ ಹಿಂಡಿದಳು. ಉಗುರು ನಾಟುವ ಹಾಗೆ.

ಮಾರ್ಚ್ 14

ಆಸ್ಪತ್ರೆಯ ಮೆಟ್ಟಿಲ ಮೇಲೆ ಗಿಟಾರ್ ಸಿಕ್ಕಳು. ಹಣ್ಣು ತಂದಿದ್ದಳು. ಒಳಗೆ ಹೋಗಲು ಕಾಲು ಬರುತ್ತಿಲ್ಲ ಅಂದಳು. ಹಾಗಂದ ಮೇಲೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಎಲ್ಲಾ ಹೇಳಿದಳು.

ಹನ್ನೊಂದು ಜನರದ್ದು ಮುಗಿಯುವಷ್ಟರಲ್ಲಿ ನೀರು ತಣ್ಣಗಾಗಿತ್ತು. ಫೋಟೋ ಹುಡುಗ ಹಬೆ ಕಾಣುತ್ತಿಲ್ಲ, ಹಬೆ ಇದ್ದರೆ ಬೆಳಕು ಚೆನ್ನಾಗಿ ಬೀಳುತ್ತದೆ ಅಂದ. ಸರ್ಕಲ್ ಅಣ್ಣ ಅಡುಗೆಮನೆಯಲ್ಲಿ ಕಾಯುತ್ತಿದ್ದ ಟೀ ಡ್ರಮ್ಮಿನಿಂದ ನೀರು ಹಿಡಿದು ತಂದ. ಇವಳು ಅಪ್ಪನ ಬಲಗಾಲು ಎತ್ತಿ ಅದರಲ್ಲಿಟ್ಟಳು. ಫೋಟೋ ಸರಿಯಾಗಿ ಬರುವ ತನಕ ಹಿಡಿದುಕೊಂಡೇ ಇದ್ದಳು. ಆಮೇಲೆ ತಣ್ಣೀರು ಬೆರೆಸಿ ಎಡಗಾಲು.

"ನಿನ್ನ ಕೈ ಸುಡಲಿಲ್ವಾ?"

"ಗ್ಲೋವ್ಸ್ ಹಾಕಿದ್ದೆ ಕಣೆ. ದಪ್ಪಂದು, ಪಾತ್ರೆ ತೊಳೆಯೋದು. ಸೋಂಕು ತಗುಲುತ್ತೆ ಅಂತ ಚರ್ಚಿನ ಆಂಟಿಯರು ಎಲ್ರಿಗೂ ಕೊಟ್ಟಿದ್ರು. ಫೋಟೋದಲ್ಲಿ ಕಾಣಬಾರದು ಅಂತ ಮೇಲೆ ಟವೆಲ್ ಸುತ್ಕೊಂಡಿದ್ವಿ."

"ಕಾಲು ಕೆಂಪಾಗಿದ್ದು ಕಾಣ್ಲಿಲ್ವಾ?"

"ಉಜ್ಜಿ ಉಜ್ಜಿ ಕೆಂಪಾಗಿದೆ ಅನ್ಕೊಂಡೆ. ಅಂಕಲ್ ಅಳ್ತಿದ್ರು. ಖುಷಿಗೆ ಅಂದ್ರು. ಖುಷಿಗೇ ಅಲ್ವೇನೆ?"

ಖುಷಿಗೇ ಅಂದೆ. ಅದು ನಿಜ.

ಪಾಸ್ಟರ್‌ಗೆ ಗೊತ್ತು. ಅವರೇ ಅಮ್ಮನ ಹತ್ತಿರ ಮಾತಾಡಿದ್ದಾರೆ. ಕೋಣೆ ಖಾಲಿ ಮಾಡಿಸುವುದಿಲ್ಲ, ಗಂಟೆಯ ಕೆಲಸ ಅಮ್ಮನಿಗೆ. ಹುಡುಗಿಯ ಭವಿಷ್ಯ ಹಾಳು ಮಾಡಬೇಡಿ ಅಂದರಂತೆ. ಅವಳು ದೊಡ್ಡ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ. ಜೊತೆಗೆ ಒಂದು ಪ್ರಬಂಧ ಕಳಿಸಬೇಕಿತ್ತು.

"ಯಾವುದರ ಬಗ್ಗೆ ಬರೆದೆ?"

ಅವಳು ಹಣ್ಣಿನ ಚೀಲ ನನ್ನ ಮಡಿಲಲ್ಲಿಟ್ಟು ಇಳಿದು ಹೋದಳು.

ಮಾರ್ಚ್ 16, ಭಾನುವಾರ

ಸಂಘದವರೆಲ್ಲ ಆಸ್ಪತ್ರೆಗೆ ಬಂದಿದ್ದರು. ಅಪ್ಪ ಎಲ್ಲರಿಗೂ ಕೈ ಮುಗಿದ. "ನನ್ನದೇ ತಪ್ಪು ಮಕ್ಕಳೇ. ನೀವು ಅಷ್ಟು ಚಂದ ತೊಳೆದು ಕೊಟ್ರಿ. ಕಾಪಾಡ್ಕೊಳ್ಳೋಕೆ ಬರ್ಲಿಲ್ಲ ನಂಗೆ. ಬಿಸಿನೀರು ಚೆಲ್ಕೊಂಡ್ನಂತೆ. ಯಾವಾಗ ಅಂತ ಜ್ಞಾಪಕಾನೂ ಇಲ್ಲ."

ಗಿಟಾರ್ ಬಂದಿರಲಿಲ್ಲ. ಸರ್ಕಲ್ ಅಣ್ಣ ಡ್ರಿಪ್ ಬಾಟಲಿ ನೋಡುತ್ತಿದ್ದ.

ಹೊರಗೆ ಕಾರಿಡಾರಿನಲ್ಲಿ ಸರ್ಕಲ್. ನರ್ಸ್ ಟ್ರಾಲಿ ತಳ್ಳಿಕೊಂಡು ಬಂದಳು, ವೃತ್ತ ಒಡೆದು ಮತ್ತೆ ಕೂಡಿತು. ಒಬ್ಬ ಹುಡುಗ ಹೇಳಿದ, ತನಗೆ ಎರಡು ಕಾಲಿರುವುದಕ್ಕೆ ದೇವರಿಗೆ ಕೃತಜ್ಞನಾಗಿರಲು ಕಲಿತೆ ಅಂತ. ಎಲ್ಲರೂ ತಲೆಯಾಡಿಸಿದರು. ನನ್ನ ಸರದಿ ಬಂತು.

"ಟೀ ಡ್ರಮ್ಮಿನ ನೀರು ಕುದೀತಿರುತ್ತೆ ಅಂತ ಕಲಿತೆ. ನೀವೇನು ಕಲಿತ್ರಿ ಅಣ್ಣಾ?"

ಸರ್ಕಲ್ ಅಣ್ಣನ ಬಾಯಿ ಒಣಗಿದ್ದು ಕಂಡಿತು. ಆದರೂ ಸಾವರಿಸಿಕೊಂಡ. "ಅವಳು ನೋವಲ್ಲಿ ಮಾತಾಡ್ತಿದ್ದಾಳೆ. ಬನ್ನಿ, ಅವಳಿಗೋಸ್ಕರ ಪ್ರಾರ್ಥನೆ ಮಾಡೋಣ."

ಎಲ್ಲರೂ ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟೊಂದು ಕೈ. ಒಂದು ಕೈಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ.

ಮಾರ್ಚ್ 24

ಅಪ್ಪ ಮನೆಗೆ ಬಂದ. ಗಾಲಿಕುರ್ಚಿ ಒಳಗೆ ಬರಲೆಂದು ಸಂಘದವರು ಬಾಗಿಲಿಗೆ ಹಲಗೆ ಜೋಡಿಸಿ ಇಳಿಜಾರು ಮಾಡಿಕೊಟ್ಟಿದ್ದಾರೆ. ಬಣ್ಣ ಬಳಿದು ಬೈಬಲ್ ವಾಕ್ಯ ಬರೆದಿದ್ದಾರೆ. ಕಡಿದಾಗಿದೆ. ಮೇಲೆ ತಳ್ಳಲು ಇಬ್ಬರು ಬೇಕು, ಇಳಿಸುವಾಗ ಕುರ್ಚಿ ನೇರ ಕಸದ ತೊಟ್ಟಿಗೆ ಓಡುತ್ತದೆ. ಅಪ್ಪ ಹೊಗಳಿದ್ದೇ ಹೊಗಳಿದ್ದು.

ಬೋರ್ಡಿನಲ್ಲಿದ್ದ ಫೋಟೋಗೆ ಕಟ್ಟು ಹಾಕಿಸಿ ಕೊಟ್ಟಿದ್ದಾರೆ. ಮಂಚದ ಎದುರಿಗೇ ತೂಗುಹಾಕಿಸಿಕೊಂಡ. ನೋಡಲು ಬಂದವರಿಗೆಲ್ಲ ಬೆರಳು ತೋರಿಸುತ್ತಾನೆ.

"ನೀರಲ್ಲಿದೆಯಲ್ಲ, ಅದೇ ಕಾಲು ಹೋಗಿದ್ದು. ಹೋದ್ರೆ ಹೋಗ್ಲಿ. ಹೋಗೋ ಮುಂಚೆ ಎಂಥಾ ಮರ್ಯಾದೆ ಸಿಕ್ತು ನೋಡಿ ಅದಕ್ಕೆ."

ಅಡುಗೆಮನೆಯಲ್ಲಿ ಅಮ್ಮ ನನ್ನ ದವಡೆ ಹಿಡಿದಳು. "ಅವ್ರಿಗೆ ಅಂತ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೊಂಡ್ರೆ ನನ್ನ ಮಗಳೇ ಅಲ್ಲ ನೀನು."

ಇದುವರೆಗೆ ಸುಳ್ಳು ಹೇಳಿಲ್ಲ. ಅಪ್ಪ ಕೇಳಿಲ್ಲ. ಕೇಳದಿದ್ದರೆ ಸಾಕು. ಕೇಳಿದರೆ ಏನು ಹೇಳುವೆನೋ ನನಗೇ ಗೊತ್ತು. ಅದೇ ಭಯ.

ಮಾರ್ಚ್ 30

ಮುಂದಿನ ಭಾನುವಾರ ಯುವಜನ ಆರಾಧನೆ. ಅಪ್ಪ ಸಾಕ್ಷಿ ಹೇಳಬೇಕಂತೆ — ಪಾದ ತೊಳೆಸಿಕೊಂಡಾಗ ಮನಸ್ಸಿಗೆ ಏನಾಯಿತು ಅಂತ. ಸರ್ಕಲ್ ಅಣ್ಣ ಬಂದು ಹೇಳಿಹೋದ. ನನ್ನ ಕಡೆ ತಿರುಗಲಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ಮಾತು ಅಭ್ಯಾಸ ಮಾಡುತ್ತಿದ್ದಾನೆ. "ಪ್ರಿಯರೇ..." ಅಲ್ಲಿಗೇ ನಗು ಬಂದು ನಿಲ್ಲುತ್ತದೆ.

ಈ ಪುಸ್ತಕವನ್ನು ಇನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಬೇಕು. ಅಮ್ಮ ನನ್ನ ದಿಂಬಿನ ಕೆಳಗೆ ಕೈ ಹಾಕಿದ್ದು ನೋಡಿದೆ.

ಏಪ್ರಿಲ್ 4, ಶುಕ್ರವಾರ

ಕೇಳಿಬಿಟ್ಟ.

ಕಟ್ಟು ಬಿಚ್ಚಿ ಗಾಯ ಒರೆಸುತ್ತಿದ್ದೆ. "ನೀರು ಚೆಲ್ಕೊಂಡಾಗ ನೀನೆಲ್ಲಿದ್ದೆ ಪುಟ್ಟಿ? ಸಾಕ್ಷಿಯಲ್ಲಿ ಅದನ್ನೂ ಹೇಳ್ಬೇಕು ಅಂತಿದೀನಿ. ಜ್ಞಾಪಕಾನೇ ಬರ್ತಿಲ್ಲ."

"ನೀನು ಚೆಲ್ಕೊಂಡಿಲ್ಲ ಅಪ್ಪಾ."

ಹೇಳಿದೆ. ಟೀ ಡ್ರಮ್ಮು, ಹಬೆ, ಫೋಟೋ, ಗ್ಲೋವ್ಸ್. ಗ್ಲೋವ್ಸ್ ಅಂದಾಗ ಮಾತ್ರ ಅವನ ಮುಖ ಅಲುಗಿತು.

"ಬರಿಗೈ ಅಲ್ವಾ ಅದು?"

"ಅಲ್ಲ."

ಫೋಟೋ ನೋಡಿದ. ತುಂಬ ಹೊತ್ತು ನೋಡಿದ. ಟವೆಲ್ಲಿನ ಅಂಚಿನಲ್ಲಿ ಹಳದಿ ರಬ್ಬರು ಇಣುಕಿದೆ, ಗೊತ್ತಿದ್ದವರಿಗೆ ಕಾಣುತ್ತದೆ.

"ಯಾರ್ಯಾರಿಗೆ ಗೊತ್ತು?"

"ಗಿಟಾರ್‌ಗೆ. ಸರ್ಕಲ್ ಅಣ್ಣಂಗೆ. ಪಾಸ್ಟರ್‌ಗೆ. ಅಮ್ಮಂಗೆ. ನಂಗೆ."

"ನಂಗೊಬ್ಬನಿಗೇ ಗೊತ್ತಿರ್ಲಿಲ್ಲ ಅನ್ನು."

ಫೋಟೋ ಇಳಿಸಲು ಹೋದೆ. "ಇರ್ಲಿ ಬಿಡು," ಅಂದ. ಆಮೇಲೆ ಹೇಳಿದ, "ಸಾಕ್ಷಿ ಮುಗಿದ್ಮೇಲೆ, ಸೋಮವಾರ ಹೇಳ್ಬಹುದಿತ್ತು ನೀನು. ಒಂದು ಭಾನುವಾರ ನಂಗೆ ಬಿಟ್ಟುಕೊಡ್ಬಹುದಿತ್ತು."

ಕೇಳಿದೆಯಲ್ಲ, ಅದಕ್ಕೆ ಹೇಳಿದೆ ಅಂದೆ.

"ಹೌದೌದು. ನಿನ್ನ ಬಾಯಿ ಚೊಕ್ಕಟವಾಗಿರ್ಬೇಕಲ್ಲ."

ಕಟ್ಟು ಅವನೇ ಸುತ್ತಿಕೊಂಡ. ಸೊಟ್ಟಗೆ. ಮುಟ್ಟಲು ಬಿಡಲಿಲ್ಲ.

ಏಪ್ರಿಲ್ 5

ಅಮ್ಮ ಹೊಡೆದಳು. ನಾನು ತಡೆಯಲಿಲ್ಲ.

ಅಪ್ಪ ಗಡ್ಡ ಹೆರೆದುಕೊಂಡ. ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡ. ನನ್ನ ಜೊತೆ ಮಾತಿಲ್ಲ. "ಹೋಗ್ಬೇಡಿ, ಮೈ ಸರಿ ಇಲ್ಲ ಅಂತ ಹೇಳಿ ಕಳಿಸ್ತೀನಿ," ಅಂದಳು ಅಮ್ಮ. "ಯಾಕೆ? ಹೋಗ್ತೀನಿ. ಕರೆದಿದ್ದಾರಲ್ಲ," ಅಂದ. ಇಡೀ ದಿನದಲ್ಲಿ ಆಡಿದ ಮಾತು ಅಷ್ಟೇ.

ಏಪ್ರಿಲ್ 6, ಭಾನುವಾರ. ಚರ್ಚ್ ಅಡುಗೆಮನೆ

ನಿಂತೇ ಬರೆಯುತ್ತಿದ್ದೇನೆ. ಪಾತ್ರೆ ಒಲೆಯ ಮೇಲಿದೆ. ನೀರು ಕುದಿಯುವ ತನಕ ಬರೆಯುತ್ತೇನೆ.

ಅಪ್ಪ ಮೈಕ್ ಹಿಡಿದು ಅಭ್ಯಾಸ ಮಾಡಿದ ಹಾಗೇ ಹೇಳಿದ. ಪ್ರಿಯರೇ. ಧೂಳು ಗುಡಿಸುವವನನ್ನು ಕುರ್ಚಿಯಲ್ಲಿ ಕೂರಿಸಿದಿರಿ. ನನ್ನಂಥವನ ಕಾಲು ಹಿಡಿದಿರಿ. ಒಂದು ಮಾತೂ ತಪ್ಪಲಿಲ್ಲ. ಅಮ್ಮ ನಿಟ್ಟುಸಿರು ಬಿಟ್ಟಳು. ಮುಂದಿನ ಸಾಲಿನಲ್ಲಿ ಪಾಸ್ಟರ್ ಕಣ್ಣು ಒರೆಸಿಕೊಂಡರು.

ಮುಗಿಯಿತು ಅಂದುಕೊಂಡೆವು. ಅಪ್ಪ ಬಗ್ಗಿ ಎಡಗಾಲಿನ ಶೂ ಬಿಚ್ಚಿದ. ಸಾಕ್ಸ್ ಬಿಚ್ಚಿದ. ಮೈಕಿನಲ್ಲೇ ಹೇಳಿದ.

"ಇದೊಂದು ಉಳಿದಿದೆ. ಇದನ್ನೂ ತೊಳೆದು ಕೊಡಮ್ಮ, ಎಲ್ರ ಮುಂದೆ. ಬಾ ಮಗಳೇ."

ಗಿಟಾರ್ ಬಿಳಿಚಿಕೊಂಡಳು. ಜನ ಎದ್ದು ನಿಂತರು. ಹಿಂದಿನ ಬೆಂಚಿನಲ್ಲಿ ಯಾರೋ ಹೆಂಗಸು ಹಾಡು ಎತ್ತಿದಳು, ಎಲ್ಲರೂ ಸೇರಿಕೊಂಡರು. ಅಷ್ಟು ಜನ ಹಾಡುವಾಗ ಅವಳು ಬರದೆ ಏನು ಮಾಡುತ್ತಾಳೆ? ಬಂದು ಮಂಡಿಯೂರಿದಳು. ಆಂಟಿಯೊಬ್ಬರು ಗ್ಲೋವ್ಸ್ ತಂದರು.

"ಅದು ಬೇಡ. ಬರಿಗೈಲಿ," ಅಂದ ಅಪ್ಪ. ನಗುತ್ತಾ. ಆಂಟಿಯೂ ನಕ್ಕು ಹಿಂದೆ ಸರಿದರು.

ನಾನು ನಲ್ಲಿಯ ತಣ್ಣೀರು ತಂದು ಇಟ್ಟೆ. ಅಪ್ಪ ಕೈ ಅದ್ದಿ ನೋಡಿದ. ಕೈಗೆ ಇನ್ನೂ ಎಲ್ಲ ಗೊತ್ತಾಗುತ್ತದೆ ಅವನಿಗೆ. ಮೈಕ್ ಪಕ್ಕಕ್ಕಿಟ್ಟು ನನ್ನ ಕಿವಿಯ ಹತ್ತಿರ ಬಾಯಿ ತಂದ. ಶುಕ್ರವಾರದಿಂದ ನನ್ನ ಜೊತೆ ಆಡಿದ ಮೊದಲ ಮಾತು.

"ನಿಜ ಹೇಳೋಳು ಅಲ್ವಾ ನೀನು? ನಿಜವಾದ ನೀರು ತಾ. ಅವತ್ತಿಂದು."

"ಅಪ್ಪಾ, ಕಾಲು..."

"ನಂಗೇನು ಗೊತ್ತಾಗುತ್ತೆ? ಅವಳಿಗೆ ಗೊತ್ತಾಗ್ಲಿ."

ಸರ್ಕಲ್ ಅಣ್ಣ ಅಡುಗೆಮನೆಯವರೆಗೂ ಬೆನ್ನಟ್ಟಿ ಬಂದ. ಕೈ ಮುಗಿದ. "ಹದ ಮಾಡಿ ತಾ. ನಿನ್ನ ಕಾಲಿಗೆ ಬೀಳ್ತೀನಿ." ನೀವೇ ತಗೊಂಡು ಹೋಗಿ ಅಂದೆ. ಪಾತ್ರೆ ನೋಡಿದ. ಜನ ಹಾಡುತ್ತಿದ್ದ ಕಡೆ ನೋಡಿದ. ಹೊರಟುಹೋದ.

ಅಪ್ಪನಿಗೆ ಸುಳ್ಳು ನೀರು ಕೊಟ್ಟರೆ ಅವನಿಗೆ ತಿಳಿಯುತ್ತದೆ. ಮುಂದೆ ನನ್ನ ಯಾವ ಮಾತನ್ನೂ ನಂಬುವುದಿಲ್ಲ. ನಿಜವಾದ ನೀರು ಕೊಟ್ಟರೆ ಅವಳ ಕೈ. ಗಿಟಾರ್ ಹಿಡಿಯುವ ಕೈ. ಅಪ್ಪನ ಉಳಿದ ಕಾಲು.

ಹಾಡು ಮುಗಿಯುತ್ತಾ ಬಂತು. ಕುದಿ ಬಂದಿದೆ. ತಣ್ಣೀರಿನ ಬಕೆಟ್ಟು ಪಕ್ಕದಲ್ಲೇ ಇದೆ, ಚೊಂಬೂ ಇದೆ. ಬಾಗಿಲಲ್ಲಿ ಫೋಟೋ ಹುಡುಗ — "ಬೇಗ ತಾರೇ, ಬೆಳಕು ಹೋಗುತ್ತೆ." ಬಂದೆ ಅಂದೆ. ಒಲೆ ಆರಿಸಿದೆ. ಪಾತ್ರೆಗೆ ಬಟ್ಟೆ ಸುತ್ತಿದ್ದೇನೆ. ಚೊಂಬು ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ, ಮತ್ತೆ